‘ಸತ್ತು ಹುಟ್ಟಿತು’ ಅನ್ನುವ ಮೊದಲು

‘ಮಗು ಸತ್ತು ಹುಟ್ಟಿತಂತೆ’ ಅನ್ನೋದು ನಮ್ಮ ಕಡೆಯ ಮಾತು. ಕೇಳಿದವರು ‘ಅಯ್ಯೋ ಪಾಪ’ ಅಂತಾರೆ. ಆಮೇಲೆ ‘ತಾಯಿ ಉಳಿದಳಲ್ಲ, ಅಷ್ಟು ಸಾಕು’ ಅಂತಾರೆ. ಮಾತು ಅಲ್ಲಿಗೆ ಮುಗಿಯುತ್ತೆ. ಸತ್ತಿದ್ದು ಯಾವಾಗ ಅಂತ ಯಾರೂ ಕೇಳಲ್ಲ.

ಲೇಬರ್ ರೂಮಿನ ರಿಜಿಸ್ಟರ್ ಮಾತ್ರ ಆ ಪ್ರಶ್ನೆ ಕೇಳುತ್ತೆ. ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಅದು ದಿನನಿತ್ಯದ ಪುಸ್ತಕ. ಜೀವವಿಲ್ಲದೆ ಹುಟ್ಟಿದ ಮಗುವಿನ ಹೆಸರಿಲ್ಲದ ಸಾಲಿನಲ್ಲಿ ‘ಮ್ಯಾಸರೇಟೆಡ್’ ಅಥವಾ ‘ಫ್ರೆಶ್’ ಅಂತ ಬರೆಯಬೇಕು. ಮೊದಲನೆಯದು ಅಂದರೆ ಚರ್ಮ ಸುಲಿಯೋಕೆ ಶುರುವಾಗಿದೆ, ಮಗು ಹೊಟ್ಟೆಯಲ್ಲೇ ತೀರಿಕೊಂಡು ಹೊತ್ತಾಗಿದೆ, ಬಹುಪಾಲು ನೋವು ಶುರುವಾಗುವ ಮೊದಲೇ. ಎರಡನೆಯದು ಅಂದರೆ ಚರ್ಮ ಮಾಮೂಲಾಗಿದೆ, ಮಗು ನಿದ್ದೆ ಮಾಡ್ತಿರೋ ಹಾಗೆ ಕಾಣುತ್ತೆ. ಸಾಮಾನ್ಯವಾಗಿ ಇದರ ಅರ್ಥ ಇಷ್ಟೇ: ಕೆಲವು ಗಂಟೆಗಳ ಹಿಂದೆ ಅದರ ಹೃದಯ ಬಡಿಯುತ್ತಿತ್ತು. ಎಷ್ಟೋ ಸಲ ಅಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ಬಡಿಯುತ್ತಿತ್ತು.

2020ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಇದರ ಲೆಕ್ಕ ಹಾಕಿ ಒಂದು ವರದಿ ಕೊಟ್ಟವು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಮಕ್ಕಳು ಹೀಗೆ ಜೀವವಿಲ್ಲದೆ ಹುಟ್ಟುತ್ತವೆ. ಅದರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಹೆರಿಗೆ ನೋವಿನ ಅವಧಿಯಲ್ಲೇ ಸಾಯುತ್ತವೆ. 2019ರಲ್ಲಿ ಭಾರತದ ಪಾಲು ಸುಮಾರು 3 ಲಕ್ಷ 40 ಸಾವಿರ, ಯಾವುದೇ ಒಂದು ದೇಶದಲ್ಲಿ ಅತಿ ಹೆಚ್ಚು. ಇನ್ನೊಂದು ಅಂಕಿ ನೋಡಿ. ಯುರೋಪ್, ಉತ್ತರ ಅಮೆರಿಕಗಳಲ್ಲಿ ಇಂಥ ನೂರು ಸಾವಿನಲ್ಲಿ ನೋವಿನ ಅವಧಿಯಲ್ಲಿ ಆಗೋದು ಸುಮಾರು ಆರು. ನಮ್ಮ ದಕ್ಷಿಣ ಏಷ್ಯಾದಲ್ಲಿ ಹತ್ತಿರ ಹತ್ತಿರ ಅರ್ಧ. ಮಕ್ಕಳೇನೂ ಬೇರೆ ಥರದವಲ್ಲ, ಹೆರುವ ದೇಹವೂ ಬೇರೆಯಲ್ಲ. ಹಾಗಾದರೆ ಈ ಆರಕ್ಕೂ ಅರ್ಧಕ್ಕೂ ನಡುವೆ ಇರೋದೇನು? ಅದು ಸುಮಾರು ಇನ್ನೂರು ವರ್ಷಗಳ ಕಥೆ. ಅದನ್ನೇ ಇಲ್ಲಿ ಹೇಳೋಕೆ ಹೊರಟಿದ್ದೇನೆ.

ಮೊದಲು ಮಗು ಯಾಕೆ ಸಾಯುತ್ತೆ ಅನ್ನೋದನ್ನು ಎರಡು ಮಾತಿನಲ್ಲಿ ತಿಳ್ಕೊಳ್ಳೋಣ. ಹೊಟ್ಟೆಯೊಳಗಿನ ಮಗುವಿಗೆ ಉಸಿರಾಟ ಇಲ್ಲ. ಅಮ್ಮನ ರಕ್ತದಿಂದ ಮಾಸು, ಮಾಸಿನಿಂದ ಹೊಕ್ಕುಳಬಳ್ಳಿ, ಬಳ್ಳಿಯಿಂದ ಮಗು, ಹೀಗೆ ಆಮ್ಲಜನಕ ಬರಬೇಕು. ನೋವು ಬಂದಾಗ ಗರ್ಭಕೋಶ ಮುಷ್ಟಿ ಬಿಗಿದ ಹಾಗೆ ಗಟ್ಟಿಯಾಗುತ್ತೆ. ಆಗ ಅದರ ಗೋಡೆಯೊಳಗಿನ ರಕ್ತನಾಳಗಳೂ ಒತ್ತಿಹೋಗುತ್ತವೆ. ಅಷ್ಟು ಹೊತ್ತು ಮಗುವಿಗೆ ಪೂರೈಕೆ ಕಡಿಮೆ. ನೋವು ಇಳಿದ ಮೇಲೆ ಮತ್ತೆ ರಕ್ತ ಹರಿಯುತ್ತೆ, ಮಗು ಚೇತರಿಸಿಕೊಳ್ಳುತ್ತೆ. ಬಾವಿಯಲ್ಲಿ ಮುಳುಗು ಹಾಕುವ ಹುಡುಗ ಮೇಲೆ ಬಂದು ಉಸಿರು ತಗೊಂಡು ಮತ್ತೆ ಮುಳುಗುವ ಹಾಗೆ. ಗಟ್ಟಿಮುಟ್ಟಾದ ಮಗು ಇದನ್ನು ನೂರಾರು ಸಲ ತಡೆದುಕೊಳ್ಳುತ್ತೆ. ಆದರೆ ನೋವುಗಳ ನಡುವೆ ಬಿಡುವೇ ಇಲ್ಲದಿದ್ದರೆ, ಬಳ್ಳಿ ಒತ್ತಿಹೋಗಿದ್ದರೆ, ತಲೆ ಸಿಕ್ಕಿಕೊಂಡು ಹೆರಿಗೆ ಗಂಟೆಗಟ್ಟಲೆ ಎಳೆದರೆ, ಒಂದು ಹಂತದಲ್ಲಿ ಅದಕ್ಕೆ ಮೇಲೆ ಬರೋಕೆ ಆಗಲ್ಲ. ಮುಳುಗುವಾಗ ಅದು ಕೂಗಲ್ಲ. ಹೃದಯದ ಬಡಿತ ಬದಲಾಗುತ್ತೆ, ಅಷ್ಟೇ. ಕೇಳೋರು ಇದ್ದರೆ ಕೇಳಿಸುತ್ತೆ.

ಬಹಳ ಕಾಲ ಕೇಳೋರೇ ಇರಲಿಲ್ಲ. ಎಳೆದು ತೆಗೆಯುವ ಉಪಕರಣ ಮೊದಲು ಬಂತು. ಕೇಳುವ ಉಪಾಯ ಬಂದದ್ದು ಆಮೇಲೆ.

ಎಳೆಯುವ ಉಪಕರಣ ಅಂದರೆ ಫೋರ್ಸೆಪ್ಸ್, ಹೆರಿಗೆಯ ಇಕ್ಕಳ. ಅದನ್ನು ಕಂಡುಹಿಡಿದದ್ದು ಫ್ರಾನ್ಸಿನಿಂದ ಇಂಗ್ಲೆಂಡಿಗೆ ಓಡಿಬಂದಿದ್ದ ಚೇಂಬರ್ಲೆನ್ ಅನ್ನೋ ಕುಟುಂಬ. ಮಗುವಿನ ತಲೆಯ ಎರಡೂ ಕಡೆ ಹಿಡಿದು ಜೀವಂತವಾಗಿ ಹೊರತೆಗೆಯುವ ಸಾಧನ ಅವರ ಕೈಯಲ್ಲಿತ್ತು. ಅವರು ಅದನ್ನು ಜಗತ್ತಿಗೆ ಹೇಳಲಿಲ್ಲ. ಮನೆತನದ ವ್ಯಾಪಾರದ ಗುಟ್ಟು ಅಂತ ನೂರು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಟ್ಟರು. ಆ ನೂರು ವರ್ಷದಲ್ಲಿ ಬೇರೆ ಕಡೆ ಸಿಕ್ಕಿಕೊಂಡ ಮಕ್ಕಳನ್ನು ತಲೆಗೆ ತೂತು ಕೊರೆದು, ಕೊಂದು ತೆಗೆಯುತ್ತಿದ್ದರು, ತಾಯಿಯಾದರೂ ಉಳಿಯಲಿ ಅಂತ. ಚೇಂಬರ್ಲೆನ್‌ಗಳ ಅಸಲಿ ಇಕ್ಕಳಗಳು ಸಿಕ್ಕಿದ್ದು 1813ರಲ್ಲಿ, ಎಸೆಕ್ಸ್‌ನ ಒಂದು ಹಳೇ ಮನೆಯ ನೆಲದ ಹಲಗೆಯ ಕೆಳಗೆ. ಅಷ್ಟರಲ್ಲಿ ಗುಟ್ಟು ಬಯಲಾಗಿ ದಶಕಗಳೇ ಕಳೆದಿದ್ದವು, ಫೋರ್ಸೆಪ್ಸ್ ಎಲ್ಲ ವೈದ್ಯರ ಚೀಲದಲ್ಲೂ ಇತ್ತು.

ಆದರೆ ಉಪಕರಣ ಚೀಲದಲ್ಲಿ ಇದ್ದ ಮಾತ್ರಕ್ಕೆ ಮಗು ಉಳಿಯಲ್ಲ. ಇದು ಇಂಗ್ಲೆಂಡಿಗೆ ಗೊತ್ತಾಗಿದ್ದು ನಾಲ್ಕೇ ವರ್ಷದಲ್ಲಿ, 1817ರ ನವೆಂಬರ್‌ನಲ್ಲಿ. ದೊರೆ ಮೂರನೇ ಜಾರ್ಜ್‌ನ ಮೊಮ್ಮಗಳು ಷಾರ್ಲಟ್, 21 ವರ್ಷ, ಚೊಚ್ಚಲ ಹೆರಿಗೆ. ಸಿಂಹಾಸನಕ್ಕೆ ವಾರಸುದಾರಳು. 3ನೇ ತಾರೀಖು ಸಂಜೆ ನೋವು ಶುರುವಾಯಿತು. ನೋಡಿಕೊಳ್ಳುತ್ತಿದ್ದವರು ಸರ್ ರಿಚರ್ಡ್ ಕ್ರಾಫ್ಟ್ ಅನ್ನೋ ಹೆಸರಾಂತ ವೈದ್ಯ. ಪ್ರಕೃತಿಯ ಕೆಲಸದಲ್ಲಿ ಕೈ ಹಾಕಬಾರದು, ಫೋರ್ಸೆಪ್ಸ್ ಆದಷ್ಟು ಮುಟ್ಟಬಾರದು ಅನ್ನೋದು ಆಗಿನ ಒಳ್ಳೆ ವೈದ್ಯರ ಶಿಸ್ತು. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೂ 24 ಗಂಟೆ ಕಾದರು. ನಡುವೆ ಹಸಿರು ಬಣ್ಣದ ಸ್ರಾವ ಕಾಣಿಸಿಕೊಂಡಿತ್ತು. ಇವತ್ತು ನಮ್ಮ ವಾರ್ಡಿನಲ್ಲಿ ‘ಮಗು ಒಳಗೇ ಮೋಷನ್ ಮಾಡ್ಕೊಂಡಿದೆ’ ಅಂತೀವಲ್ಲ, ಅದೇ. ಒಟ್ಟು 50 ಗಂಟೆಯ ನೋವಿನ ನಂತರ 5ನೇ ತಾರೀಖು ರಾತ್ರಿ 9ಕ್ಕೆ ಗಂಡು ಮಗು ಹುಟ್ಟಿತು. ಒಂಬತ್ತು ಪೌಂಡ್ ತೂಕದ, ಜೀವವಿಲ್ಲದ ಮಗು. ಕೆಲವೇ ಗಂಟೆಗಳಲ್ಲಿ ಷಾರ್ಲಟ್ ಕೂಡ ತೀರಿಕೊಂಡಳು. ಮೂರು ತಿಂಗಳ ನಂತರ, ಇನ್ನೊಬ್ಬ ಬಸುರಿಯನ್ನು ನೋಡಿಕೊಳ್ಳುತ್ತಿದ್ದಾಗ, ಕ್ರಾಫ್ಟ್ ತನಗೆ ತಾನೇ ಗುಂಡು ಹಾರಿಸಿಕೊಂಡು ಸತ್ತ. ಸಿಂಹಾಸನಕ್ಕೆ ಬೇರೆ ವಾರಸುದಾರರು ಬೇಕಾದರು. ರಾಜಕುಮಾರರು ಅವಸರದಲ್ಲಿ ಮದುವೆಯಾದರು. 1819ರಲ್ಲಿ ವಿಕ್ಟೋರಿಯಾ ಹುಟ್ಟಿದಳು.

ಕ್ರಾಫ್ಟ್‌ನನ್ನು ಕೊಲೆಗಾರ ಅಂತ ಬೈಯೋದು ಸುಲಭ. ಆದರೆ ಒಂದು ಯೋಚನೆ ಮಾಡಿ. ಮಗು ಯಾವ ಕ್ಷಣದಲ್ಲಿ ಕಷ್ಟಕ್ಕೆ ಸಿಕ್ಕಿತು ಅಂತ ಅವನಿಗೆ ತಿಳಿಯುವ ದಾರಿ ಏನಿತ್ತು? ಹೊಟ್ಟೆಯ ಮೇಲೆ ಕಿವಿ ಇಟ್ಟರೆ ಮಗುವಿನ ಹೃದಯ ಕೇಳಿಸುತ್ತೆ ಅನ್ನೋದೇ ಆಗಿನ ವೈದ್ಯಲೋಕಕ್ಕೆ ಗೊತ್ತಿರಲಿಲ್ಲ.

ಅದು ಗೊತ್ತಾಗಿದ್ದು ಮರುವರ್ಷವೇ. 1818ರಲ್ಲಿ ಜಿನೀವಾದ ಸರ್ಜನ್ ಫ್ರಾನ್ಸ್ವಾ ಮೇಯರ್ ಬಸುರಿಯ ಹೊಟ್ಟೆಯ ಮೇಲೆ ಕಿವಿಯಿಟ್ಟು, ಮಗು ಬದುಕಿದೆಯೋ ಇಲ್ಲವೋ ಹೇಳಬಹುದು ಅಂತ ವರದಿ ಮಾಡಿದ. ಅಮ್ಮನ ನಾಡಿಗಿಂತ ಬೇರೆಯೇ ಆದ ಬಡಿತ ಅದು ಅಂದ. ಅವನ ಮಾತನ್ನು ಹೆಚ್ಚು ಜನ ಗಮನಿಸಲಿಲ್ಲ. ಮೂರು ವರ್ಷದ ನಂತರ ಫ್ರಾನ್ಸಿನ ವೈದ್ಯ ಕೆರ್ಗರಾದೆಕ್ ಆಗ ತಾನೇ ಬಂದಿದ್ದ ಸ್ಟೆತಾಸ್ಕೋಪನ್ನು ಒಬ್ಬ ಬಸುರಿಯ ಹೊಟ್ಟೆಯ ಮೇಲಿಟ್ಟ. ಒಳಗಿನ ನೀರು ತುಳುಕುವ ಸದ್ದು ಕೇಳುತ್ತೇನೋ ಅಂತ ಅವನ ಆಸೆ. ಕೇಳಿಸಿದ್ದು ಗಡಿಯಾರದ ಟಿಕ್ ಟಿಕ್. ಪಕ್ಕದಲ್ಲೆಲ್ಲೋ ಗಡಿಯಾರ ಇರಬೇಕು ಅಂದುಕೊಂಡ. ಆಮೇಲೆ ಎಣಿಸಿ ನೋಡಿದರೆ ನಿಮಿಷಕ್ಕೆ 143ರಿಂದ 148. ಅಮ್ಮನ ನಾಡಿ ಅದರ ಅರ್ಧದಷ್ಟು. 1821ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ವೈದ್ಯಕೀಯ ಅಕಾಡೆಮಿಯ ಮುಂದೆ ಇದನ್ನು ಓದಿದ. ಜೊತೆಗೆ ಅವನು ಎತ್ತಿದ ಪ್ರಶ್ನೆ ದೊಡ್ಡದು: ಈ ಬಡಿತದ ಏರಿಳಿತದಿಂದ ಮಗುವಿನ ಆರೋಗ್ಯ ಹೇಗಿದೆ ಅಂತ ತಿಳಿಯೋಕೆ ಆಗಲ್ಲವೆ?

ನಾವು ಇವತ್ತಿಗೂ ಮಾಡ್ತಿರೋದು ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವನ್ನೇ. 1833ರಲ್ಲಿ ಡಬ್ಲಿನ್ನಿನ ಎವರಿ ಕೆನಡಿ ಇದರ ಮೇಲೆ ಒಂದಿಡೀ ಪುಸ್ತಕ ಬರೆದ. ಶತಮಾನದ ಕೊನೆಗೆ ಜರ್ಮನಿಯ ವಿಂಕೆಲ್, ನಿಮಿಷಕ್ಕೆ 120ಕ್ಕಿಂತ ಇಳಿದರೆ ಅಥವಾ 160 ದಾಟಿದರೆ ಮಗು ಕಷ್ಟದಲ್ಲಿದೆ ಅಂತ ಗಡಿ ಹಾಕಿದ. 1895ರಲ್ಲಿ ಪ್ಯಾರಿಸ್‌ನ ಅಡಾಲ್ಫ್ ಪಿನಾರ್ ಸಣ್ಣ ಕಹಳೆಯಂಥ ಒಂದು ಕೊಳವೆ ಮಾಡಿದ. ಅಗಲದ ಬಾಯಿ ಅಮ್ಮನ ಹೊಟ್ಟೆಗೆ, ಇನ್ನೊಂದು ತುದಿ ಕೇಳುವವರ ಕಿವಿಗೆ. ಕರೆಂಟ್ ಬೇಡ, ಬ್ಯಾಟರಿ ಬೇಡ, ಹಾಳಾಗೋಕೆ ಅದರಲ್ಲಿ ಏನೂ ಇಲ್ಲ. ನೂರಿಪ್ಪತ್ತೈದು ವರ್ಷ ದಾಟಿದರೂ ನಮ್ಮ ಲೇಬರ್ ರೂಮುಗಳಲ್ಲಿ ಫೀಟೋಸ್ಕೋಪ್ ಅನ್ನೋ ಹೆಸರಿನಲ್ಲಿ ಅದೇ ವಸ್ತು ಇದೆ. ಬೆಲೆ ಒಂದು ಊಟದ ಖರ್ಚಿನ ಆಸುಪಾಸು.

ಕೇಳೋಕೆ ಬಂತು. ಆದರೆ ಕೇಳಿ ಏನು ಮಾಡೋದು? ಸಿಸೇರಿಯನ್ ಮಾಡಿದರೆ ಹತ್ತೊಂಬತ್ತನೇ ಶತಮಾನದ ಬಹುಪಾಲು ತಾಯಂದಿರು ಸಾಯುತ್ತಿದ್ದರು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೇಂಗರ್ ಗರ್ಭಕೋಶಕ್ಕೆ ಸರಿಯಾಗಿ ಹೊಲಿಗೆ ಹಾಕುವ ಕ್ರಮ ಕಲಿಸಿದ. ಅರಿವಳಿಕೆ, ಶುಚಿತ್ವ, ರಕ್ತ ಕೊಡೋದು, ಕೊನೆಗೆ ಪೆನಿಸಿಲಿನ್, ಒಂದೊಂದಾಗಿ ಬಂದವು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಸಿಸೇರಿಯನ್ ಧೈರ್ಯವಾಗಿ ಮಾಡಬಹುದಾದ ಆಪರೇಷನ್ ಆಯಿತು. ಉಳಿದಿದ್ದು ಒಂದೇ ಪ್ರಶ್ನೆ: ಯಾರಿಗೆ, ಯಾವಾಗ? ಎಲ್ಲರಿಗೂ ಕೊಯ್ಯೋಕೆ ಆಗಲ್ಲ, ಕೊಯ್ಯಬಾರದು ಕೂಡ. ಕ್ರಾಫ್ಟ್‌ನ ಹಾಗೆ ಕಾಯೋಕೂ ಆಗಲ್ಲ.

ಇದಕ್ಕೆ ಉತ್ತರ ಬಂದದ್ದು ಒಂದು ಗ್ರಾಫ್ ಹಾಳೆಯಿಂದ. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಇಷ್ಟವಾದ ಭಾಗ ಇದೇ.

1954ರಲ್ಲಿ ನ್ಯೂಯಾರ್ಕಿನ ಎಮ್ಯಾನ್ಯುಯೆಲ್ ಫ್ರೀಡ್‌ಮನ್ ಅನ್ನೋ ಯುವ ವೈದ್ಯ, ನೋವು ತಿನ್ನುತ್ತಿರುವ ಹೆಂಗಸರ ಗರ್ಭಕೋಶದ ಬಾಯಿ ಗಂಟೆಗೆಷ್ಟು ತೆರೆಯುತ್ತೆ ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದ. ಕೇಳೋಕೆ ಇದೇನು ಮಹಾ ಅನ್ನಿಸುತ್ತೆ. ಆದರೆ ಅಲ್ಲಿಯವರೆಗೂ ‘ಎರಡು ಬೆರಳು ಓಪನ್ ಆಗಿದೆ’, ‘ಇನ್ನೂ ಹೊತ್ತಿದೆ’ ಅನ್ನೋ ಬಾಯಿಮಾತೇ ಹೆಚ್ಚು. ಚುಕ್ಕೆ ಇಟ್ಟ ಮೇಲೆ ಹೆರಿಗೆಗೆ ಒಂದು ಆಕಾರ ಬಂತು. ಮುಂದೆ ಹೋಗ್ತಿದೆಯೋ, ನಿಂತಿದೆಯೋ, ಕಣ್ಣಿಗೆ ಕಾಣತೊಡಗಿತು.

ಆ ಗ್ರಾಫನ್ನು ಪ್ರಾಣ ಉಳಿಸುವ ಸಾಧನ ಮಾಡಿದ್ದು ಆಫ್ರಿಕಾದಲ್ಲಿ. ಈಗಿನ ಜಿಂಬಾಬ್ವೆ ಆಗ ರೊಡೇಷಿಯಾ, ಬಿಳಿಯರ ಆಳ್ವಿಕೆ. ಕರಿಯರಿಗಾಗಿ ಇದ್ದ ಹರಾರಿ ಆಸ್ಪತ್ರೆಯಲ್ಲಿ ಹ್ಯೂ ಫಿಲ್ಪಾಟ್ ಅನ್ನೋ ಪ್ರಸೂತಿ ತಜ್ಞ ಕೆಲಸ ಮಾಡ್ತಿದ್ದರು. ಹೆರಿಗೆಗಳು ಸಾವಿರಾರು, ಡಾಕ್ಟರುಗಳು ಬೆರಳೆಣಿಕೆ. ಸುತ್ತಲಿನ ಕ್ಲಿನಿಕ್‌ಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವರು ನರ್ಸ್ ಮಿಡ್‌ವೈಫ್‌ಗಳು. ಯಾರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು, ಎಷ್ಟು ಹೊತ್ತಿಗೆ ಕಳಿಸಬೇಕು ಅನ್ನೋದು ಅವರಿಗೆ ತಿಳಿಯಬೇಕಿತ್ತು. ಫಿಲ್ಪಾಟ್ ಮತ್ತು ಅವರ ಸಹೋದ್ಯೋಗಿ ಕ್ಯಾಸಲ್ 1972ರಲ್ಲಿ ಪ್ರಕಟಿಸಿದ ಉಪಾಯ ಎರಡು ಗೆರೆ. ಗಂಟೆಗೆ ಒಂದು ಸೆಂಟಿಮೀಟರಿನಂತೆ ಓರೆಯಾಗಿ ಏರುವ ಮೊದಲನೆಯದು ಎಚ್ಚರಿಕೆಯ ಗೆರೆ. ಅದಕ್ಕೆ ನಾಲ್ಕು ಗಂಟೆ ಬಲಕ್ಕೆ ಇನ್ನೊಂದು, ಕ್ರಮ ಕೈಗೊಳ್ಳುವ ಗೆರೆ. ಚುಕ್ಕೆಗಳು ಮೊದಲ ಗೆರೆಯ ಎಡಕ್ಕೇ ಇದ್ದರೆ ಚಿಂತೆ ಇಲ್ಲ. ಗೆರೆ ದಾಟಿದರೆ ಗಾಡಿ ಕರೆಸು. ಎರಡನೇ ಗೆರೆ ತಲುಪುವ ಹೊತ್ತಿಗೆ ಆಕೆ ಆಪರೇಷನ್ ಸೌಲಭ್ಯ ಇರುವಲ್ಲಿ ಇರಬೇಕು. ಅವರು ಗಮನಿಸಿದ 624 ಚೊಚ್ಚಲ ಹೆರಿಗೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮೊದಲ ಗೆರೆಯನ್ನೇ ದಾಟಲಿಲ್ಲ.

ಇದರ ಜಾಣತನ ನೋಡಿ. ಆ ನಾಲ್ಕು ಗಂಟೆ ಬರೀ ವೈದ್ಯಶಾಸ್ತ್ರದ ಲೆಕ್ಕ ಅಲ್ಲ, ರಸ್ತೆಯ ಲೆಕ್ಕವೂ ಹೌದು. ಹಳ್ಳಿಯಿಂದ ಆಸ್ಪತ್ರೆಗೆ ಬರೋಕೆ ಹೊತ್ತು ಬೇಕು ಅನ್ನೋ ಅರಿವು ಆ ಹಾಳೆಯ ಮೇಲೇ ಇದೆ. ಇಷ್ಟು ಹೊತ್ತು ಡಾಕ್ಟರ ತಲೆಯಲ್ಲಿದ್ದ ತೀರ್ಮಾನ ನರ್ಸಿನ ಕೈಗೆ ಬಂತು. ‘ಸರ್, ಗೆರೆ ದಾಟಿದೆ’ ಅಂತ ಆಕೆ ಹೇಳಿದರೆ ವಾದ ಮಾಡೋಕೆ ಜಾಗ ಇಲ್ಲ. ಈ ಹಾಳೆಯನ್ನೇ ನಾವು ಪಾರ್ಟೋಗ್ರಾಫ್ ಅಂತೀವಿ. ಗರ್ಭಕೋಶದ ಬಾಯಿ, ಮಗುವಿನ ತಲೆ ಎಷ್ಟು ಇಳಿದಿದೆ, ಅರ್ಧ ಗಂಟೆಗೊಮ್ಮೆ ಹೃದಯದ ಬಡಿತ, ಹೋಗ್ತಿರೋ ನೀರಿನ ಬಣ್ಣ, ಅಮ್ಮನ ಬಿ.ಪಿ., ಎಲ್ಲ ಒಂದೇ ಪುಟದಲ್ಲಿ.

1990-91ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಡೋನೇಷ್ಯಾ, ಥಾಯ್ಲೆಂಡ್, ಮಲೇಷ್ಯಾಗಳ ಎಂಟು ಆಸ್ಪತ್ರೆಗಳಲ್ಲಿ, 35,484 ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿತು. ಹೆರಿಗೆ ವಿಪರೀತ ಎಳೆಯೋದು ನೂರಕ್ಕೆ 6.4ರಿಂದ 3.4ಕ್ಕೆ ಇಳಿಯಿತು. ನೋವಿನ ಅವಧಿಯಲ್ಲಿ ಮಗು ಸಾಯೋದು 0.5ರಿಂದ 0.3ಕ್ಕೆ ಬಂತು. ನಾನು ಓದುಗರ ಗಮನಕ್ಕೆ ತರಬೇಕಾದ ಇನ್ನೊಂದು ಅಂಕಿ ಇದೆ. ನೋವು ಜಾಸ್ತಿ ಮಾಡುವ ಡ್ರಿಪ್ ಹಾಕೋದು ನೂರಕ್ಕೆ 20.7 ಇದ್ದದ್ದು 9.1ಕ್ಕೆ ಇಳಿಯಿತು. ಅಂದರೆ ಅವಸರವೂ ಕಡಿಮೆಯಾಯಿತು, ಸಾವೂ ಕಡಿಮೆಯಾಯಿತು. ‘ಬೇಗ ಹೆರಿಗೆ ಆಗೋ ಇಂಜೆಕ್ಷನ್ ಕೊಡಿ ಮೇಡಂ’ ಅಂತ ಜಗಳ ಮಾಡುವ ಮನೆಯವರಿಗೆ ನಾನು ಇದನ್ನೇ ಹೇಳೋದು. ನೋಡಿಕೊಳ್ಳದೆ ಕೊಟ್ಟ ಆ ಔಷಧಿ ಮಗುವಿಗೆ ಮುಳುಗುಗಳ ನಡುವಿನ ಉಸಿರನ್ನೇ ಕಿತ್ತುಕೊಳ್ಳುತ್ತೆ.

ಹೀಗೆ ಬಡದೇಶಗಳಲ್ಲಿ ಹಾಳೆ ಕೆಲಸ ಮಾಡ್ತಿದ್ದಾಗ ಶ್ರೀಮಂತ ದೇಶಗಳು ಯಂತ್ರದ ಕಡೆ ಹೊರಟಿದ್ದವು. ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಬಡಿತವನ್ನು ಒಂದೇ ಸಮನೆ ಕಾಗದದ ಮೇಲೆ ಬರೆಯುವ ಸಿ.ಟಿ.ಜಿ. ಮೆಷಿನ್ 1960ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂತು. ಎಡೆಬಿಡದೆ ಕೇಳಿದರೆ ಸಾವೇ ಇರಲ್ಲ ಅನ್ನೋ ನಂಬಿಕೆ. 1985ರಲ್ಲಿ ಡಬ್ಲಿನ್ನಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. 12,964 ಹೆಂಗಸರು. ಅರ್ಧದಷ್ಟು ಜನಕ್ಕೆ ಮೆಷಿನ್, ಉಳಿದವರಿಗೆ ಪಿನಾರ್ ಕೊಳವೆಯ ಕಿವಿ. ಸತ್ತ ಮಕ್ಕಳ ಸಂಖ್ಯೆ ಈ ಕಡೆ 14, ಆ ಕಡೆಯೂ 14. ಹುಟ್ಟಿದ ಮೇಲೆ ಫಿಟ್ಸ್ ಬರೋದು ಮೆಷಿನ್ ಇದ್ದ ಕಡೆ ಅರ್ಧ ಕಡಿಮೆಯಿತ್ತು, ಅದು ನಿಜ. ಆದರೆ ನಾಲ್ಕು ವರ್ಷದ ನಂತರ ನೋಡಿದಾಗ ಮಿದುಳಿನ ಊನ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ.

ಇದನ್ನು ಓದಿ ‘ಮೆಷಿನ್ ದಂಡ’ ಅಂದರೆ ತಪ್ಪಾಗುತ್ತೆ. ತೊಂದರೆಯಿರುವ ಬಸುರಿಗೆ ಅದು ಬೇಕು, ನಾವೂ ಬಳಸುತ್ತೀವಿ. ಆದರೆ ಡಬ್ಲಿನ್ನಿನಲ್ಲಿ ಕೊಳವೆ ಮೆಷಿನ್ನಿಗೆ ಸಮ ನಿಂತದ್ದು ಹೇಗೆ ಗೊತ್ತಾ? ಅಲ್ಲಿ ನೋವು ತಿನ್ನುವ ಒಬ್ಬೊಬ್ಬಳ ಪಕ್ಕದಲ್ಲೂ ಒಬ್ಬೊಬ್ಬ ನರ್ಸ್. ಕಾಲು ಗಂಟೆಗೊಮ್ಮೆ, ಕೊನೆಯ ಹಂತದಲ್ಲಿ ನೋವು ನೋವಿನ ನಡುವೆ, ಆಕೆ ಕೇಳುತ್ತಿದ್ದಳು. ಸಮ ನಿಂತದ್ದು ಆ ನರ್ಸ್.

ಈಗ ನಮ್ಮ ನೆಲಕ್ಕೆ ಬರೋಣ. ನನ್ನ ಅಜ್ಜಿಯ ತಲೆಮಾರಿನವರನ್ನು ‘ಎಷ್ಟು ಮಕ್ಕಳು?’ ಅಂತ ಕೇಳಿದರೆ ‘ಹೆತ್ತದ್ದು ಎಂಟು, ಉಳಿದದ್ದು ಐದು’ ಅನ್ನೋರು. ಎರಡು ಲೆಕ್ಕ, ಒಂದೇ ಉಸಿರಿನಲ್ಲಿ. ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ ಅನ್ನೋ ಮಾತು ಸುಮ್ಮನೆ ಬಂದದ್ದಲ್ಲ. ಆಗ ಹಳ್ಳಿಗಳಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು ಸೂಲಗಿತ್ತಿ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರು ಒಂದು ಕಾಸು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದವರು. ಇಂಥವರ ಕೈಯಲ್ಲಿ ಅನುಭವ ಇತ್ತು, ಬಸುರಿಯ ಬಳಿ ರಾತ್ರಿಯಿಡೀ ಕೂರುವ ತಾಳ್ಮೆ ಇತ್ತು. ತೊಂದರೆ ಎದುರಾದಾಗ ಕಳಿಸೋಕೆ ಆಸ್ಪತ್ರೆ ಹತ್ತಿರ ಇರುತ್ತಿರಲಿಲ್ಲ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ಶುರುವಾದದ್ದು 1935ರಲ್ಲಿ. ಗಡಿನಾಡಿನ ಹಳ್ಳಿಯ ಬಸುರಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆಸ್ಪತ್ರೆಯವರೆಗಿನ ದಾರಿಯನ್ನು ಕಳೆದ ಇಪ್ಪತ್ತು ವರ್ಷಗಳಲ್ಲಿ ನಾವು ನಿಜಕ್ಕೂ ಸವೆಸಿದ್ದೇವೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್, ಊರೂರಿಗೂ ಆಶಾ ಕಾರ್ಯಕರ್ತೆಯರು. 2005-06ರಲ್ಲಿ ದೇಶದ ನೂರು ಹೆರಿಗೆಯಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು 39ರಷ್ಟು. 2019-21ರ ಸಮೀಕ್ಷೆಯಲ್ಲಿ ಅದು 89ರ ಹತ್ತಿರ. ಕರ್ನಾಟಕದಲ್ಲಿ 97. ಇದು ಸಣ್ಣ ಸಾಧನೆಯಲ್ಲ.

ಆದರೆ ಬಾಗಿಲು ದಾಟಿದ ಮೇಲೆ? 2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಮೊದಲ ಬಾರಿ ಪ್ರಯೋಗಿಸಿ ನೋಡಿದರು. ಕೈ ತೊಳೆಯೋದರಿಂದ ಹಿಡಿದು ಮಾಡಲೇಬೇಕಾದ 29 ಕೆಲಸಗಳಲ್ಲಿ ಪಟ್ಟಿ ಬರುವ ಮೊದಲು ಸರಾಸರಿ ಆಗುತ್ತಿದ್ದದ್ದು 10. ಪಟ್ಟಿ ಬಂದ ಮೇಲೆ 25. ಎಲ್ಲರಿಗೂ ಖುಷಿ. ಮುಂದೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಅದನ್ನೇ ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು. ಸಿಬ್ಬಂದಿಯ ಕೆಲಸ ಸುಧಾರಿಸಿತ್ತು, ಸಾವು ಇಳಿದಿರಲಿಲ್ಲ.

ನನಗೆ ಅದು ಆಶ್ಚರ್ಯ ತರಲಿಲ್ಲ. ಪಟ್ಟಿಗೆ ಗುರುತು ಹಾಕೋದು ಒಂದು, ಕಷ್ಟದಲ್ಲಿರುವ ಮಗುವನ್ನು ಅರ್ಧ ಗಂಟೆಯಲ್ಲಿ ಹೊರತೆಗೆಯೋದು ಇನ್ನೊಂದು. ಅದಕ್ಕೆ ಕೌಶಲ ಬೇಕು, ಅರಿವಳಿಕೆ ಕೊಡುವವರು ಬೇಕು, ರಕ್ತ ಬೇಕು, ತೆರೆದಿರುವ ಆಪರೇಷನ್ ಥಿಯೇಟರ್ ಬೇಕು. ಹಾಳೆಗಳ ಗತಿ ನನಗೆ ಗೊತ್ತು. ಎಷ್ಟೋ ಕಡೆ ಪಾರ್ಟೋಗ್ರಾಫ್ ತುಂಬೋದು ಹೆರಿಗೆ ಮುಗಿದ ಮೇಲೆ, ಕೇಸ್ ಶೀಟ್ ಪೂರ್ತಿ ಕಾಣಲಿ ಅಂತ. ಚುಕ್ಕೆಗಳು ಅಂದವಾಗಿ ಗೆರೆಯ ಎಡಕ್ಕೇ ಕೂತಿರುತ್ತವೆ, ಹೃದಯದ ಬಡಿತ ಎಲ್ಲ ಕಡೆ 140. ಹಾಗೆ ತುಂಬುವ ಸಿಸ್ಟರನ್ನು ನಾನು ಬೈಯಲಾರೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ, ಆರು ಜನ ನೋವಿನಲ್ಲಿ, ಇಬ್ಬರು ಮೇಜಿನ ಮೇಲೆ. ಆಕೆ ಯಾವ ಕೈಯಲ್ಲಿ ಫೀಟೋಸ್ಕೋಪ್ ಹಿಡಿಯಬೇಕು, ಯಾವ ಕೈಯಲ್ಲಿ ಪೆನ್ನು? ಡಬ್ಲಿನ್ನಿನ ಕೊಳವೆ ನಮ್ಮಲ್ಲಿದೆ, ಹರಾರೆಯ ಹಾಳೆ ನಮ್ಮಲ್ಲಿದೆ. ಪಕ್ಕದಲ್ಲಿ ಕೂರುವ ಆ ಒಬ್ಬಳನ್ನು ಮಾತ್ರ ನಾವು ತಂದುಕೊಂಡಿಲ್ಲ. ಆರಕ್ಕೂ ಅರ್ಧಕ್ಕೂ ನಡುವಿನ ಅಂತರದ ದೊಡ್ಡ ಪಾಲು ಇದೇ ಅಂತ ನನ್ನ ನಂಬಿಕೆ.

ಹಾಗಂತ ಏನೂ ನಡೆದಿಲ್ಲ ಅಂತಲ್ಲ. 2014ರಲ್ಲಿ ದೇಶ ಒಂದು ಗುರಿ ಹಾಕಿಕೊಂಡಿತು: 2030ರ ಹೊತ್ತಿಗೆ ಜೀವವಿಲ್ಲದೆ ಹುಟ್ಟುವ ಮಕ್ಕಳು ಸಾವಿರಕ್ಕೆ ಹತ್ತಕ್ಕಿಂತ ಕಡಿಮೆ ಆಗಬೇಕು. 2017ರಲ್ಲಿ ಲಕ್ಷ್ಯ ಅನ್ನೋ ಕಾರ್ಯಕ್ರಮ ಬಂದು ಸರ್ಕಾರಿ ಲೇಬರ್ ರೂಮುಗಳ ಗುಣಮಟ್ಟ ಅಳೆಯತೊಡಗಿತು. 2018ರಲ್ಲಿ ಹೆರಿಗೆಗಾಗಿಯೇ ಪರಿಣತರಾದ ನರ್ಸ್‌ಗಳನ್ನು ತಯಾರು ಮಾಡುವ ಮಾರ್ಗಸೂಚಿ ಹೊರಬಂತು. ನಮ್ಮ ದಾವಣಗೆರೆಯಲ್ಲಿ ಜೀವವಿಲ್ಲದೆ ಹುಟ್ಟಿದ ಮಕ್ಕಳ ಅಂಗಾಂಶವನ್ನು ಸೂಜಿಯಿಂದ ತೆಗೆದು, ಮಾಸನ್ನೂ ಪರೀಕ್ಷಿಸಿ, ಕಾರಣ ಹುಡುಕುವ ಅಧ್ಯಯನ ನಡೆಯಿತು. ಅತಿ ದೊಡ್ಡ ಕಾರಣವಾಗಿ ಸಿಕ್ಕಿದ್ದು ಗರ್ಭದಲ್ಲೇ ಆಮ್ಲಜನಕ ಕೊರತೆ. ‘ಹಣೆಬರಹ’ ಅಂತ ಮುಚ್ಚಿಬಿಡುತ್ತಿದ್ದ ಕಡತವನ್ನು ತಾಯಂದಿರ ಒಪ್ಪಿಗೆಯಿಂದಲೇ ತೆರೆದು ನೋಡಿದ್ದು ನನ್ನ ಕಣ್ಣಿಗೆ ದೊಡ್ಡ ಹೆಜ್ಜೆ. ಗ್ರಾಫ್ ಕೂಡ ಬದಲಾಗಿದೆ. ಎಲ್ಲ ಹೆಂಗಸರೂ ಗಂಟೆಗೊಂದು ಸೆಂಟಿಮೀಟರ್ ತೆರೆಯಲ್ಲ ಅಂತ ಒಪ್ಪಿಕೊಂಡು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಹಾಳೆ ತಂದಿದೆ. ಅದರಲ್ಲಿ ‘ಅಮ್ಮನ ಜೊತೆ ಯಾರಾದರೂ ಇದ್ದಾರೆಯೇ?’ ಅನ್ನೋದಕ್ಕೂ ಒಂದು ಸಾಲಿದೆ.

ಇನ್ನೊಂದು ಮಾತು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜೀವವಿಲ್ಲದ ಜನನವನ್ನೂ ನೋಂದಾಯಿಸಬೇಕು. ಬಹಳ ಮನೆಯವರಿಗೆ ಇದು ಗೊತ್ತೇ ಇಲ್ಲ. ಲೆಕ್ಕಕ್ಕೆ ಬಾರದ ಸಾವಿಗೆ ಯಾವ ಬಜೆಟ್ಟಿನಲ್ಲೂ ನರ್ಸ್ ಹುದ್ದೆ ಸಿಗಲ್ಲ.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ, ಆಸ್ಪತ್ರೆ ನೋಡೋಕೆ ಹೋದಾಗ ಎ.ಸಿ. ರೂಮು ಇದೆಯಾ ಅಂತ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ನೋವು ಶುರುವಾದ ಮೇಲೆ ಮಗುವಿನ ಹೃದಯವನ್ನು ಯಾರು, ಎಷ್ಟು ಹೊತ್ತಿಗೊಮ್ಮೆ ಕೇಳ್ತಾರೆ? ಮೊದಲ ಹಂತದಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆಗೊಮ್ಮೆ, ತಳ್ಳುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ, ಪ್ರತಿ ಸಲ ಒಂದು ನಿಮಿಷವಾದರೂ ಕೇಳಬೇಕು. ಕೇಳಿದ್ದನ್ನು ಆಗಲೇ ಬರೆದಿಡ್ತಾರಾ? ಮಧ್ಯರಾತ್ರಿ ಬಡಿತ ಇಳಿದರೆ ಇಲ್ಲೇ ಆಪರೇಷನ್ ಆಗುತ್ತಾ, ಇಲ್ಲದಿದ್ದರೆ ಎಲ್ಲಿಗೆ ಕಳಿಸ್ತೀರಿ, ಗಾಡಿ ಎಲ್ಲಿದೆ?

ಹೀಗೆಲ್ಲ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತೇನೋ ಅಂತ ಸಂಕೋಚ ಬೇಡ. ನಿಮ್ಮ ಈ ಪ್ರಶ್ನೆಗಳನ್ನು ಹಿಡಿದುಕೊಂಡೇ ನಾವು ಮೇಲಿನವರ ಹತ್ತಿರ ಹೋಗಿ, ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರನ್ನು ಕೊಡಿ ಅಂತ ಕೇಳಬೇಕಾಗಿದೆ.